ಗೂಳಿಯ ಮೇಲಿನ ನಗು

ನಾನು ಸೊಸೆಯಾಗಿ ಬಂದದ್ದು ಸುರಪುರದ ಒಂದು ಚಿತ್ರಗಾರರ ಮನೆಗೆ. ಮಾವ ದೇವರ ಚಿತ್ರ ಬರೆಯುತ್ತಿದ್ದರು, ಅವರಪ್ಪನೂ ಬರೆದವರು, ಅವರಜ್ಜ ಸಂಸ್ಥಾನ ಇದ್ದಾಗ ಅರಮನೆಯ ಗೋಡೆಗೇ ಬರೆದವರಂತೆ. ಬಟ್ಟೆಗೆ ಗಂಜಿ ಕೊಟ್ಟು, ತಿಕ್ಕಿ ನುಣುಪು ಮಾಡಿ, ಬಣ್ಣ ತುಂಬಿ, ಒಡವೆ ಕಿರೀಟಗಳಿಗೆ ಬಂಗಾರದ ವರಖು ಅಂಟಿಸಿದ ಚಿತ್ರಗಳು. ಈ ಮನೆಯಲ್ಲಿ ಗಂಡಸರು ಬರೆಯುತ್ತಾರೆ, ಹೆಂಗಸರು ಬಣ್ಣ ಅರೆದು ಕೊಡುತ್ತಾರೆ ಎಂದು ಊರು ತಿಳಿದಿತ್ತು. ಊರು ಇಂಥ ವಿಷಯದಲ್ಲಿ ಯಾವಾಗ ಸರಿ ತಿಳಿದಿದೆ? ನಾನು ಬಂದ ಎರಡನೆಯ ವರ್ಷಕ್ಕೆ ಮಾವನ ಕಣ್ಣಿಗೆ ಪೊರೆ ಬಂದಿತ್ತು. ಬಣ್ಣ ಬಣ್ಣವಾಗಿ ಮಬ್ಬು ಮಬ್ಬು ಕಾಣುತ್ತಿತ್ತೇ ಹೊರತು ಗೆರೆ ಕಾಣುತ್ತಿರಲಿಲ್ಲ. ನನ್ನ ಗಂಡನಿಗೆ ಗಿಡ, ಗೋಪುರ, ಅಂಚಿನ ಬಳ್ಳಿ ಚೆನ್ನಾಗಿ ಬರುತ್ತಿದ್ದವು. ಮುಖಕ್ಕೆ ಕೂತರೆ ದೇವಿಗೂ ದ್ವಾರಪಾಲಕನಿಗೂ ಫರಕು ಇರುತ್ತಿರಲಿಲ್ಲ. ಹಾಗಾಗಿ ಮುಖಗಳು ನನ್ನ ಪಾಲಿಗೆ ಬಂದವು.

ನನ್ನ ತವರು ಶಿರವಾಳ. ಅಲ್ಲಿಯ ಪಾಳು ಗುಡಿಯ ಕಂಬಗಳಿಗೆ ನಾವು ಕರು ಕಟ್ಟುತ್ತಿದ್ದೆವು. ಕಂಬದ ಮೇಲಿನ ಕಲ್ಲಿನ ಹೆಂಗಸರನ್ನು ನೋಡಿ ನೋಡಿ ಇದ್ದಿಲಿನಿಂದ ಹಿತ್ತಲ ಗೋಡೆಗೆ ಬರೆದು ಅವ್ವನ ಕೈಲಿ ಏಟು ತಿಂದಿದ್ದೆ. ಆ ಕೈ ಇಲ್ಲಿ ಉಪಯೋಗಕ್ಕೆ ಬಂತು. ಆದರೆ ಹೊರಗೆ ಹೇಳುವಂತಿರಲಿಲ್ಲ. ಸೊಸೆ ಬರೆದ ದೇವರನ್ನು ಯಾರು ದೇವರ ಜಗಲಿಯ ಮೇಲಿಟ್ಟು ಪೂಜೆ ಮಾಡುತ್ತಾರೆ? ಹೊರಗಿದ್ದಾಗ ಮುಟ್ಟಿದಳೋ ಏನೋ ಎಂಬ ಅನುಮಾನ ಒಮ್ಮೆ ಹುಟ್ಟಿದರೆ ಮುಗಿಯಿತು. ಮೂಲೆಯಲ್ಲಿ ಮಾವನ ಹೆಸರೇ ಇರುತ್ತಿತ್ತು. ಅದಕ್ಕೆ ನನಗೇನೂ ಬೇಸರವಿರಲಿಲ್ಲ. ಸುಳ್ಳು ಯಾಕೆ, ಒಳಗೊಳಗೆ ಒಂದು ಸೊಕ್ಕೂ ಇತ್ತು.

ನಮ್ಮ ಕೆಲಸದ ಜೀವ ಇದ್ದದ್ದು ಖಾಕಾದಲ್ಲಿ. ಖಾಕಾ ಅಂದರೆ ತೂತಿನ ಕಾಗದ. ಗೆರೆ ಬರೆದ ಕಾಗದವನ್ನು ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಬಟ್ಟೆಯ ಮೇಲಿಟ್ಟು, ಇದ್ದಿಲ ಪುಡಿ ಕಟ್ಟಿದ ಗಂಟಿನಿಂದ ತಟ್ಟಿದರೆ ಕೆಳಗೆ ಚುಕ್ಕಿ ಚುಕ್ಕಿಯಾಗಿ ರೂಪ ಬೀಳುತ್ತದೆ. ಒಂದು ಖಾಕಾ ಇದ್ದರೆ ನೂರು ಚಿತ್ರ. ಒಂದು ಮರದ ಪೆಟ್ಟಿಗೆಯ ತುಂಬ ಖಾಕಾಗಳಿದ್ದವು: ನಂದಿಯದು, ಗರುಡನದು, ಕೈಗಳದು, ಕಾಲುಗಳದು. ಹೆಣ್ಣುಮುಖದ್ದು ಮಾತ್ರ ಬೇರೆ ಪದ್ಧತಿ. ಮನೆಯ ಮಗಳ ಮದುವೆ ಗೊತ್ತಾದಾಗ, ಅರಿಶಿನ ಹಚ್ಚುವ ದಿನ ಅಪ್ಪ ಅವಳನ್ನು ಪಕ್ಕಕ್ಕೆ ತಿರುಗಿಸಿ ಕೂರಿಸಿ ಮುಖದ ಗೆರೆ ಬರೆಯುತ್ತಿದ್ದ. ತಾಯಿ ಅದನ್ನು ಚುಚ್ಚುತ್ತಿದ್ದಳು. ಆ ಖಾಕಾದಿಂದ ಮೊದಲು ಒಂದು ಲಕ್ಷ್ಮಿಯನ್ನು ಬರೆದು ಮಗಳ ಜೊತೆ ಗಂಡನ ಮನೆಗೆ ಕಳಿಸುವುದು. ಆಮೇಲೆ ಮುಂದಿನ ಮಗಳ ಮದುವೆಯ ತನಕ ನಮ್ಮ ಮನೆಯ ಎಲ್ಲ ದೇವಿಯರಿಗೂ ಅದೇ ಮುಖ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುತ್ತಾರಲ್ಲ, ನಮ್ಮಲ್ಲಿ ಹೆಣ್ಣು ಹೊರಗಾದರೂ ಅವಳ ಮುಖ ಪೆಟ್ಟಿಗೆಯಲ್ಲಿ ಉಳಿಯುತ್ತಿತ್ತು.

ಆಗ ಪೆಟ್ಟಿಗೆಯಲ್ಲಿ ಮೇಲಿದ್ದದ್ದು ನನ್ನ ನಾದಿನಿಯ ಮುಖ. ನನಗಿಂತ ಎರಡು ವರ್ಷ ಚಿಕ್ಕವಳು. ಅವಳ ತಾಯಿ ತೀರಿಕೊಂಡಿದ್ದರಿಂದ ಆ ಖಾಕಾ ಚುಚ್ಚಿದವಳು ನಾನೇ. ಮಾವನಿಗೆ ಆಗಿನ್ನೂ ಕಣ್ಣು ಕಾಣುತ್ತಿತ್ತು. ಅವರು ಸರಿಯಾಗಿ ನೋಡಿ ಬರೆದ ಕೊನೆಯ ಮುಖ ಅದು. ನೇರ ಮೂಗು, ಸ್ವಲ್ಪ ಮುಂದೆ ಬಂದ ಗದ್ದ, ಒಂದರ ಮೇಲೊಂದು ಸುಮ್ಮನೆ ಕೂತ ತುಟಿ. ಅವಳನ್ನು ದೇವಾಪುರಕ್ಕೆ ಕೊಟ್ಟಿದ್ದರು. ನಮ್ಮ ಪೈಕಿಯವರೇ, ಬಡಿಗತನ ಮಾಡುವವರು, ಜೊತೆಗೆ ಒಂದಿಷ್ಟು ಹತ್ತಿ ಬೆಳೆಯುವ ಹೊಲ.

ಮದುವೆಯಾದ ಮರುವರ್ಷ ಗಲಾಟೆಯ ಕಾಲ. ಹೈದರಾಬಾದು ಹಿಂದೂಸ್ಥಾನಕ್ಕೆ ಸೇರುತ್ತದೋ ಇಲ್ಲವೋ ಎಂದು ದೊಡ್ಡವರು ದೊಡ್ಡ ಊರುಗಳಲ್ಲಿ ಹಗ್ಗ ಜಗ್ಗುತ್ತಿದ್ದರು, ಇಲ್ಲಿ ಹಳ್ಳಿಗಳ ಹಾದಿಯಲ್ಲಿ ಬಂದೂಕು ಹಿಡಿದವರು ತಿರುಗುತ್ತಿದ್ದರು. ಯಾವ ಪಕ್ಷದವರು ಎಂದು ನನ್ನನ್ನು ಈಗಲೂ ಕೇಳುತ್ತಾರೆ. ಆ ವರ್ಷ ಬಂದೂಕು ಎಲ್ಲರ ಕೈಯಲ್ಲೂ ಇತ್ತು. ನಾದಿನಿ ಹೊಲದಿಂದ ಬುತ್ತಿಗಂಟು ಹೊತ್ತು ಮರಳುವಾಗ ಅವಳನ್ನು ಹೊತ್ತೊಯ್ದರು. ನಾಲ್ಕನೆಯ ದಿನ ಹಳ್ಳದ ದಂಡೆಯಲ್ಲಿ ಕುರಿ ಮೇಯಿಸುವವರಿಗೆ ಸಿಕ್ಕಳು. ಅವರು ತಮ್ಮ ಕಂಬಳಿ ಹೊದಿಸಿ, ದೇವಾಪುರಕ್ಕಲ್ಲ, ನಮ್ಮ ಮನೆಗೆ ತಂದು ಬಿಟ್ಟರು. ಆ ಕುರುಬರಿಗೆ ಲೋಕ ಗೊತ್ತಿತ್ತು.

ನಾವೇನು ದೊಡ್ಡವರಲ್ಲ. ಅವಳನ್ನು ಒಳಗೆ ಕರೆದುಕೊಂಡೆವು, ನಿಜ. ಆದರೆ ಹಿತ್ತಲ ಕಡೆಯ ಆಡಿನ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿಟ್ಟೆವು. ದೇವರನ್ನು ಬರೆಯುವ ಪಡಸಾಲೆಗೆ ಕಾಲಿಡಬೇಡ ಎಂದು ನನ್ನ ಗಂಡ ಹೇಳಿದರು. ಹುಟ್ಟಿದಾಗಿನಿಂದ ಆ ಪಡಸಾಲೆಯಲ್ಲಿ ವರಖು ಹಿಡಿದು ಬೆಳೆದವಳು, ಹೂಂ ಎಂದಳು. ಅವಳ ಮುಖದ ಖಾಕಾ ಪಡಸಾಲೆಯೊಳಗೆ ದೇವಿಯಾಗುತ್ತಲೇ ಇತ್ತು, ಅವಳು ಹೊಸ್ತಿಲಾಚೆ ಆಡಿಗೆ ಸೊಪ್ಪು ಹಾಕುತ್ತಿದ್ದಳು. ಇದು ನನಗೆ ಆಗ ವಿಚಿತ್ರ ಅನ್ನಿಸಲೇ ಇಲ್ಲ. ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಪೊಲೀಸ್ ಆಕ್ಷನ್ ಆಯಿತು. ದಂಡು ಬಂತು, ಬಾವುಟ ಬದಲಾಯಿತು, ಎಲ್ಲ ಒಂದೇ ದೇಶ ಎಂದು ಡಂಗುರ ಸಾರಿದರು. ದೇಶ ಕೂಡಿತು, ದೇವಾಪುರಕ್ಕೂ ನಮ್ಮ ಮನೆಗೂ ನಡುವಿನ ಹಾದಿ ಕೂಡಲಿಲ್ಲ. ಅಲ್ಲಿಂದ ಒಬ್ಬರೂ ಬರಲಿಲ್ಲ. ನಾದಿನಿಯ ಗಂಡ ಒಮ್ಮೆ ಸಂತೆಯಲ್ಲಿ ನನ್ನ ಗಂಡನಿಗೆ ಸಿಕ್ಕು, "ನಾ ಒಲ್ಲೆ ಅಂದಿಲ್ಲ, ಮನ್ಯಾಗ ಹಿರ್ಯಾರು ಹೂಂ ಅನ್ಬೇಕು" ಎಂದನಂತೆ. ಅಷ್ಟೇ ಮಾತನ್ನು ನಾದಿನಿ ನನ್ನಿಂದ ಎಷ್ಟು ಸಲ ಹೇಳಿಸಿಕೊಂಡಳೋ. ಹೇಳಿದಾಗಲೆಲ್ಲ ಹೊಸದಾಗಿ ಕೇಳಿದವಳಂತೆ ಕೇಳುತ್ತಿದ್ದಳು.

ಮರುವರ್ಷದ ಬೇಸಿಗೆಯಲ್ಲಿ ಶಹಾಪುರದ ಸಾಹುಕಾರ ಬಂದ. ಹತ್ತಿ, ಕಾಳು ಕಡಿ ವ್ಯಾಪಾರದವನು. ದೇಶಮುಖರ ದರ್ಬಾರು ಇಳಿದ ಮೇಲೆ ಸುತ್ತಲ ಹಳ್ಳಿಗಳ ಜಗಳ ತಂಟೆಗಳೆಲ್ಲ ಅವನ ಪಡಸಾಲೆಗೆ ಬರುತ್ತಿದ್ದವು. ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ನನಗೆ ಈ ಕಥೆ ಹೇಳುವುದು ಸುಲಭವಾಗುತ್ತಿತ್ತು. ಹೈದರಾಬಾದಿನಲ್ಲಿ ಯಾವನೋ ಜಾಗೀರದಾರನ ಕೋಠಿಯ ಸಾಮಾನು ಮಾರುವಾಗ ಹೋಗಿ, ಗಡಿಯಾರ ಕುರ್ಚಿಗಳ ಜೊತೆ ಒಂದು ದಪ್ಪ ಪುಸ್ತಕ ತಂದಿದ್ದ. ವಿಲಾಯತಿಯ ಅಚ್ಚು, ಒಳಗೆ ಗ್ರೀಸ್ ದೇಶದ ಹಳೆಯ ದೇವರುಗಳ ಚಿತ್ರ. ಮಾವ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು, "ಕಾಗದ ಭಾಳ ಉಮದಾ ಐತ್ರಿ" ಎಂದರು. ವಾಸನೆ ನೋಡುವ ನೆಪದಲ್ಲಿ ಕಣ್ಣಿಗೆ ಹತ್ತಿರ ಹಿಡಿಯುವ ಉಪಾಯ ಅದು.

ನಾನು ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡಿದೆ. ಆಮೇಲೆ ಪುಸ್ತಕ ನಮ್ಮಲ್ಲೇ ಉಳಿದದ್ದರಿಂದ ಹಾಳೆ ಹಾಳೆ ತಿರುವಿ ನೋಡಿದೆ. ಒಬ್ಬಳನ್ನು ಬಂಡೆಗೆ ಸರಪಳಿಯಿಂದ ಕಟ್ಟಿದ್ದರು, ಮೈಮೇಲೆ ನೂಲೂ ಇಲ್ಲ. ಅವಳನ್ನು ಬಿಡಿಸಲು ಬಂದವನಿಗೆ ಮಾತ್ರ ತಲೆಯಿಂದ ಪಾದದವರೆಗೆ ಕವಚ. ಇನ್ನೊಬ್ಬಳು ಓಡುತ್ತ ಓಡುತ್ತ ಗಿಡವಾಗುತ್ತಿದ್ದಳು, ಬೆರಳ ತುದಿಯಲ್ಲಿ ಎಲೆ ಮೂಡಿದ್ದವು, ಹಿಂದೆ ಬಂದವನು ಆಗಲೂ ಕೈ ಹಾಕಿದ್ದ. ಒಬ್ಬಳ ಮೇಲೆ ಹಂಸ ಎರಗಿತ್ತು. ಒಬ್ಬಳನ್ನು ಪಾತಾಳದ ದೊರೆ ರಥದಲ್ಲಿ ಹೊತ್ತೊಯ್ಯುತ್ತಿದ್ದ. ಉಳಿದವರ ಸೆರಗೆಲ್ಲ ಜಾರಿದ್ದವು, ಗಾಳಿಗೆ ಬೇರೆ ಕೆಲಸವೇ ಇಲ್ಲ ಎಂಬಂತೆ. ಮುಖಗಳು ಮಾತ್ರ ಊಟವಾದ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತವರ ಮುಖ. ಯಾರಿಗೂ ಏನೂ ಆಗಿಯೇ ಇಲ್ಲ.

ಸಾಹುಕಾರ ಬೆರಳಿಟ್ಟದ್ದು ಗೂಳಿಯ ಚಿತ್ರಕ್ಕೆ. ಬಿಳಿಯ ಗೂಳಿ ಸಮುದ್ರದಲ್ಲಿ ಈಸುತ್ತಿದೆ, ಕೊರಳಲ್ಲಿ ಹೂಮಾಲೆ, ಬೆನ್ನ ಮೇಲೆ ಹರೆಯದ ಹುಡುಗಿ, ಒಂದು ಕೈ ಕೊಂಬಿನ ಮೇಲೆ. ಅವಳು ನಗುತ್ತಿದ್ದಾಳೆ.

"ಇವ ಅವರ ದೇವ್ರಗೋಳ ರಾಜಾ. ನಮ್ಮ ಇಂದ್ರ ಇದ್ದಂಗ ಅನ್ರಿ," ಎಂದ ಸಾಹುಕಾರ. "ಹುಡಿಗಿ ಮ್ಯಾಲ ಮನಸಾತು. ಗೂಳಿ ವೇಷ ತೊಟ್ಟು ಬಂದ. ಆಕಿ ಪಾಪದ್ ದನ ಅಂತ ಹೂವಿನ ಮಾಲಿ ಹಾಕಿ ಬೆನ್ನ ಮ್ಯಾಲ ಕುಂತ್ಲು. ಹೊತಗೊಂಡು ಸಮುದ್ರ ದಾಟೇ ಬಿಟ್ಟ."

ಮಾವ ಕೇಳಿದರು: "ಆಕಿ ಒಲ್ಲೆ ಅನ್ಲಿಲ್ಲೇನ್ರಿ?"

"ದೇವ್ರೇ ಬಂದು ಒಯ್ತೀನಂದ್ರ ಯಾರ್ ಒಲ್ಲೆ ಅಂತಾರ?"

"ನಮ್ಮಲ್ಲೂ ಹತ್ತು ತಲಿಯವ ತಾಯೀನ ಹೊತಗೊಂಡು ಹೋಗೂದು ಬರೀತೀವ್ರಿ. ಆಕಿ ಮಾರಿ ಹಿಂದಕ್ಕ ತಿರುಗಿರ್ತದ. ಕೈಯಾಗಿನ ಬಳಿ ಬಿಚ್ಚಿ ಕೆಳಗ ಒಗೀತಿರ್ತಾಳ. ಈಕಿ ನಗಾಕತ್ತಾಳ."

"ಅಂವ ರಾಕ್ಷಸ, ಇಂವ ದೇವ್ರು. ಅಷ್ಟ ಫರಕ್," ಎಂದ ಸಾಹುಕಾರ. "ನೀವು ನಮ್ಮ ಪದ್ಧತಿಲೆ ಬರದು ಬಂಗಾರ ಹಚ್ಚಿ ಕೊಡ್ರಿ. ಹೊಸಾ ಪಡಸಾಲಿಗಿ ಹಾಕ್ಬೇಕು. ನಗು ಮಾತ್ರ ಇರ್ಬೇಕು ನೋಡ್ರಿ. ಅಳೂ ಹೆಂಗಸ್ನ ಯಾರ್ ಗ್ವಾಡಿಗಿ ಹಾಕ್ತಾರ?"

ಮಾವ ಒಪ್ಪಿದರು. ಅರಮನೆಯೂ ಇಲ್ಲ, ದೇಶಮುಖರೂ ಇಲ್ಲ, ಚಿತ್ರ ಬೇಕು ಎನ್ನುವವರೇ ಇಲ್ಲದ ಕಾಲ ಅದು. ಒಪ್ಪದೆ ಏನು ಮಾಡುತ್ತಿದ್ದರು?

ಗಂಡ ಸಮುದ್ರ ಬರೆದರು. ಸಮುದ್ರ ಕಂಡವರಲ್ಲ, ಕೃಷ್ಣಾ ಹೊಳೆಯ ಮಹಾಪೂರವನ್ನು ನೆನೆದು ಸುರುಳಿ ಸುರುಳಿ ಅಲೆ ಬರೆದರು. ಗೂಳಿಗೆ ನಂದಿಯ ಖಾಕಾ ಇತ್ತು, ಕಾಲು ಬದಲಿಸಿದೆವು. ತೊಡಕಾದದ್ದು ಹುಡುಗಿಯ ಮುಖ. ಪುಸ್ತಕದಲ್ಲಿ ಅವಳು ಅರೆ ತಿರುಗಿದ್ದಳು, ಒಂದೂವರೆ ಕಣ್ಣು ಕಾಣುತ್ತಿತ್ತು. ನಮ್ಮ ಮನೆಯ ಮುಖಗಳೆಲ್ಲ ಪೂರಾ ಪಕ್ಕಕ್ಕೆ ತಿರುಗಿದವು, ಒಂದೇ ಕಣ್ಣು. ಎರಡು ಸಲ ಪುಸ್ತಕದಂತೆ ಬರೆಯಲು ಹೋಗಿ ಕೆಡಿಸಿದೆ. ಮಾವ ಕೂತಲ್ಲಿಂದಲೇ, "ಮನಿ ಖಾಕಾನ ಇಡು, ಆ ಬಿಳೇರ ಮಾರಿ ನಮಗ ಯಾಕ?" ಎಂದರು.

ಪೆಟ್ಟಿಗೆ ತೆರೆದೆ. ಒಳಗೆ ಹಳೆಯ ಮುಖಗಳೂ ಇದ್ದವು, ಮಾವನ ತಂಗಿಯದು, ಅವರ ಅತ್ತೆಯದು. ಅವುಗಳ ತೂತು ಸವೆದು ಗೆರೆ ಒಡೆಯುತ್ತಿತ್ತು. ಮೇಲಿದ್ದದ್ದನ್ನು ತೆಗೆದುಕೊಂಡೆ. ಯಾರ ಮುಖ ಎಂದು ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಅದು ತಲೆಗೆ ಹೋಗುವುದು ಬೇರೆ. ನನಗೆ ಅದು ರೊಟ್ಟಿ ತಟ್ಟುವ ಮರದ ಕೊಣಮಿಗೆಯಂತೆ ಒಂದು ಸಾಮಾನಾಗಿತ್ತು. ದಿನಾ ಹಿಡಿದ ಸಾಮಾನಿನ ಮೇಲೆ ಯಾರದೋ ಮುಖವಿದೆ ಎಂದು ಯಾರು ನೆನೆಯುತ್ತಾರೆ? ಪುಡಿ ತಟ್ಟಿ ನೋಡಿದರೆ ಎಲ್ಲ ಸರಿ ಬಂತು, ನಗು ಇರಲಿಲ್ಲ. ದೇವಿಯರು ನಗುವುದಿಲ್ಲವಲ್ಲ. ಸಾಹುಕಾರನ ಮಾತು ನೆನಪಿಗೆ ಬಂದು, ಖಾಕಾವನ್ನು ತೊಡೆಯ ಮೇಲಿಟ್ಟುಕೊಂಡು ತುಟಿಯ ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಎರಡು ತೂತು ಚುಚ್ಚಿದೆ. ಎರಡೇ ಎರಡು. ಮತ್ತೆ ತಟ್ಟಿದೆ. ಹುಡುಗಿ ನಕ್ಕಳು. ನನಗೆ ನನ್ನ ಕೈಯ ಮೇಲೆ ಎಷ್ಟು ಖುಷಿಯಾಯಿತೆಂದರೆ, ಮಾವನಿಗೆ ತೋರಿಸಿ, "ನಕ್ಕಾಳ್ರೀ" ಎಂದೆ. ಅವರು ಬಟ್ಟೆಯ ಕಡೆ ಮುಖ ಮಾಡಿ ತಲೆ ಆಡಿಸಿದರು.

ಬಹಳ ವರ್ಷಗಳ ಮೇಲೆ ನನ್ನ ಮಗಳು ಗುಲಬರ್ಗಾದ ಕಾಲೇಜಿಗೆ ಸೇರಿದಾಗ, ಅಲ್ಲಿಯ ಗ್ರಂಥಾಲಯದಲ್ಲಿ ಇಂಥದೇ ಪುಸ್ತಕ ತೆಗೆಸಿ ಒಂದು ಮಧ್ಯಾಹ್ನ ಪೂರ್ತಿ ನೋಡಿದೆ. ಅದೇ ಹುಡುಗಿಯನ್ನು ಎಷ್ಟು ಜನ ಬರೆದಿದ್ದಾರೆ! ಒಂದು ಖಂಡಕ್ಕೇ ಅವಳ ಹೆಸರಿದೆಯಂತೆ. ಹೊತ್ತೊಯ್ದದ್ದಕ್ಕೆ ಅದು ಇನಾಮು ಇರಬೇಕು. ಒಬ್ಬ ದೊಡ್ಡ ಚಿತ್ರಗಾರ ಅವಳನ್ನು ಗೂಳಿಯ ಬೆನ್ನ ಮೇಲೆ ಅಂಗಾತ ಕೆಡವಿದ್ದ, ಅವಳು ಹೆದರಿದ್ದಳೋ ಇಲ್ಲವೋ ಅವನಿಗೇ ತಿಳಿದಿರಲಿಲ್ಲ. ತೊಡೆಯನ್ನು ಮಾತ್ರ ಮನಸಿಟ್ಟು ಬರೆದಿದ್ದ. ಅದನ್ನು ಒಬ್ಬ ರಾಜನಿಗಾಗಿ ಬರೆದದ್ದು ಎಂದು ಮಗಳು ಓದಿ ಹೇಳಿದಳು. ಇನ್ನೊಂದು ಇನ್ನೊಬ್ಬ ದೊರೆಯ ಮಲಗುವ ಕೋಣೆಗೆ. ಆಗ ನನಗೆ ತಿಳಿಯಿತು: ಹೊತ್ತೊಯ್ಯುವವರ ಮನೆಗೆ ಬರೆದ ಚಿತ್ರದಲ್ಲಿ ಹೆಣ್ಣು ಅಳುವುದಿಲ್ಲ. ಅತ್ತರೆ ನೋಡುವವನು ತಾನು ಯಾರೆಂದು ನೆನೆಯಬೇಕಾಗುತ್ತದೆ. ನಮ್ಮಲ್ಲೇನು ಬೇರೆಯೇ? ಇಂದ್ರ ಋಷಿಯ ವೇಷ ತೊಟ್ಟು ಹೋದ ಕಥೆಯಲ್ಲಿ ಮೋಸ ಮಾಡಿದವನು ಸ್ವರ್ಗದಲ್ಲೇ ಉಳಿದ, ಮೋಸ ಹೋದವಳು ಕಲ್ಲಾದಳು. ಇಷ್ಟೆಲ್ಲ ನನಗೆ ಹೊಳೆದದ್ದು ತಲೆ ಬೆಳ್ಳಗಾದ ಮೇಲೆ. ಬೇಕಾದಾಗ ಹೊಳೆಯಲಿಲ್ಲ.

ಚಿತ್ರ ಶಹಾಪುರಕ್ಕೆ ಹೋಯಿತು. ನೋಡಿದವರೆಲ್ಲ ಹೊಗಳಿದರೆಂದು ಸುದ್ದಿ ಬಂತು. ಎರಡು ತಿಂಗಳಾದ ಮೇಲೆ ಅದಕ್ಕಿಂತ ದೊಡ್ಡ ಸುದ್ದಿ ಬಂತು: ದೇವಾಪುರದವರು ನ್ಯಾಯ ಹೇಳಲು ಸಾಹುಕಾರನನ್ನು ಕೇಳಿದ್ದಾರೆ, ಹುಡುಗಿಯನ್ನು ಕರಕೊಂಡು ಬರ್ರಿ. ಸುದ್ದಿ ತಂದವನು ಸಾಹುಕಾರನ ಮಾತನ್ನೂ ತಂದಿದ್ದ. ಜುಲುಮಿಯಿಂದ ಒಯ್ದರೆ ಒಯ್ದವನ ತಪ್ಪು, ಹೆಣ್ಣುಮಗಳದ್ದೇನು. ಹೊಸ ಸರ್ಕಾರವೂ ಹಾಗೇ ಹೇಳುತ್ತದೆ. ಒತ್ತಾಯದಿಂದ ಒಯ್ದದ್ದು ಹೌದೆಂದು ನಾಲ್ಕು ಜನ ಒಪ್ಪಿದರೆ ಅವತ್ತೇ ಅವಳನ್ನು ಗಂಡನ ಮನೆಗೆ ಕಳಿಸುವುದು. ಇಷ್ಟು ಒಳ್ಳೆಯ ಮಾತನ್ನು ನಮಗೆ ಎರಡು ವರ್ಷದಲ್ಲಿ ಯಾರೂ ಆಡಿರಲಿಲ್ಲ. ಮಾವ ಅತ್ತುಬಿಟ್ಟರು.

ಹೊರಡುವ ದಿನ ಬೆಳಿಗ್ಗೆ ನಾನೇ ನಾದಿನಿಗೆ ಎರೆದು, ತಲೆ ಬಾಚಿ, ನನ್ನ ಇಳಕಲ್ ಸೀರೆ ಉಡಿಸಿದೆ. ಒಂದು ಗಂಟಿನಲ್ಲಿ ಅವಳ ಎರಡು ಸೀರೆ, ಕುಪ್ಪಸ ಕಟ್ಟಿದೆ, ಅಲ್ಲಿಂದಲೇ ದೇವಾಪುರಕ್ಕೆ ಹೋಗುವಳಲ್ಲ ಎಂದು. ಅವಳು ಆ ಗಂಟನ್ನು ಮಡಿಲಿಗೆ ಎಳೆದುಕೊಂಡಳು.

"ವೈನಿ, ಏನ್ ಕೇಳ್ತಾರ?"

"ಏನರೆ ಕೇಳ್ಲಿ. ಕೇಳಿದ್ದಕ್ಕ ಹೂಂ ಅನ್ನು. ಹೇಳಿದಂಗ ಕೇಳು. ಮಾರಿ ಗಂಟ್ ಹಾಕ್ಕೊಂಡು ಕುಂದ್ರಬ್ಯಾಡ, ಅತ್ತಿಗಿ ಸೇರೂದಿಲ್ಲ," ಎಂದೆ ನಾನು, ದೊಡ್ಡ ಬುದ್ಧಿವಂತೆ.

ಬಂಡಿಯಲ್ಲಿ ಶಹಾಪುರ ಮುಟ್ಟಿದಾಗ ಬಿಸಿಲೇರಿತ್ತು. ಸಾಹುಕಾರನ ಹೊಸ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಒಂದು ಕಡೆ ಹಿರಿಯರು ನಾಲ್ಕೈದು ಜನ, ಇನ್ನೊಂದು ಕಡೆ ದೇವಾಪುರದವರು: ನಾದಿನಿಯ ಅತ್ತೆ, ಭಾವ, ಅವಳ ಗಂಡ. ನಾವು ಹೆಂಗಸರು ಒಳಬಾಗಿಲ ಹತ್ತಿರ ನಿಂತೆವು. ಎದುರು ಗೋಡೆಯಲ್ಲಿ, ಗಾಜು ಹಾಕಿಸಿದ ಕಟ್ಟಿನಲ್ಲಿ ಗೂಳಿ ಹೊಳೆಯುತ್ತಿತ್ತು. ಅಲ್ಲಿ, ಆ ಬಾಗಿಲಲ್ಲಿ ನಿಂತಾಗ, ನಾದಿನಿಯ ಮುಖ ನನ್ನ ಪಕ್ಕದಲ್ಲೂ ಗೋಡೆಯ ಮೇಲೂ ಒಟ್ಟಿಗೆ ಕಂಡಾಗ, ನಾನು ಮಾಡಿದ್ದೇನು ಎಂದು ನನಗೆ ಗೊತ್ತಾಯಿತು.

ಮಾತು ಚೆನ್ನಾಗಿಯೇ ಶುರುವಾಯಿತು. ಕುರಿಯವರಲ್ಲಿ ಒಬ್ಬ ಬಂದಿದ್ದ, ಹಳ್ಳದ ದಂಡೆಯಲ್ಲಿ ಕಂಡದ್ದನ್ನು ಕಂಡಂತೆ ಹೇಳಿದ. ಹಿರಿಯರು ಚಿಕ್ ಚಿಕ್ ಎಂದರು. ಸಾಹುಕಾರ ಇನ್ನೇನು ಮಾತು ಮುಗಿಸುವವನಿದ್ದ. ಅತ್ತೆ ಆಗ ತಲೆ ಎತ್ತಿದಳು. ಆ ಹೆಂಗಸು ಮನೆಯಲ್ಲಿ ಪ್ರತಿ ಶುಕ್ರವಾರ ನಮ್ಮ ಲಕ್ಷ್ಮಿಗೆ ಊದಿನಕಡ್ಡಿ ಹಚ್ಚುವವಳು. ಸೊಸೆಯನ್ನು ಬಿಟ್ಟರೂ ಸೊಸೆ ತಂದ ಲಕ್ಷ್ಮಿಯನ್ನು ಬಿಟ್ಟಿರಲಿಲ್ಲ. ಅವಳು ಗೋಡೆ ನೋಡಿದಳು, ಮಗನ ರಟ್ಟೆ ಹಿಡಿದು ತೋರಿಸಿದಳು.

"ಈಕಿ ನಮ್ಮ ಸೊಸಿ ಅಲ್ಲೇನು?"

ಪಡಸಾಲೆ ಪೂರ್ತಿ ಗೋಡೆಯ ಕಡೆ ತಿರುಗಿತು. ಯಾರೋ ಚಿತ್ರದ ಕಥೆ ಏನೆಂದು ಕೇಳಿದರು. ಸಾಹುಕಾರ, ಪಾಪ, ಮನೆಗೆ ಬಂದವರಿಗೆಲ್ಲ ಹೇಳಿ ಹೇಳಿ ರೂಢಿಯಾದವನು, ಹೇಳಿಬಿಟ್ಟ. ಹೊತ್ತೊಯ್ದದ್ದು ಎಂಬ ಮಾತು ಅವನ ಬಾಯಿಂದ ಬಂದ ಮೇಲೆ ಅವನಿಗೇ ಎಚ್ಚರವಾಯಿತು.

ಭಾವ ಎದ್ದು ನಿಂತ. "ಮಾಮಾ, ಖರೇ ಹೇಳ್ರಿ. ಇದು ನಿಮ್ಮ ಕೈದಾಗ ಬರದದ್ದು ಹೌದೋ ಅಲ್ಲೋ?"

ಮಾವನಿಗೆ ಗೋಡೆಯ ಮೇಲೆ ಬಿಳಿ, ನೀಲಿ, ಬಂಗಾರ ಕಂಡಿರಬೇಕು, ಅಷ್ಟೇ. ಮನೆಯ ಖಾಕಾ ಅಂದರೆ ಮಗಳ ಮುಖ ಎಂಬುದು ಅವರ ತಲೆಗೂ ಆ ಗಳಿಗೆಯ ತನಕ ಹೋಗಿರಲಿಲ್ಲ. ಅವರು ನನ್ನ ಗಂಡನ ಕಡೆ ತಿರುಗಿದರು. ಗಂಡ ಬಾಗಿಲಲ್ಲಿದ್ದ ನನ್ನ ಕಡೆ ನೋಡಿದರು. ಬೆದರಿಸುವ ನೋಟವಲ್ಲ, ಬೇಡುವ ನೋಟ. ನಾನು ಹೊಸ್ತಿಲು ದಾಟಿ ಎರಡು ಮಾತು ಹೇಳಿದ್ದರೆ ಆಗುತ್ತಿತ್ತು: ಇದು ಬರೆದದ್ದು ನಾನು, ನಗು ಪುಸ್ತಕದ್ದು, ಹುಡುಗಿಯದ್ದಲ್ಲ. ಹೇಳಿದರೆ ಮಾವ ಕುರುಡರೆಂದು, ಮೂರು ತಲೆಮಾರಿನ ದೇವರ ಮನೆಯಲ್ಲಿ ಸೊಸೆ ದೇವರ ಮುಖ ಬರೆದು ಕಣ್ಣು ತೆರೆಯುತ್ತಾಳೆಂದು ಅಂದೇ ಸುರಪುರದ ತುಂಬ ಆಗುತ್ತಿತ್ತು. ಬಾಯಿ ತೆರೆದೆ. ಮಾತು ಬರಲಿಲ್ಲ. ಬರಲಿಲ್ಲ ಎನ್ನುವುದೂ ಸುಳ್ಳು, ನಾನು ಬರಗೊಡಲಿಲ್ಲ.

"ಹೌದು," ಎಂದರು ಮಾವ. "ನಂದೇ ಕೈ."

"ಹಡದಪ್ಪನೇ ಬಂಗಾರ ಹಚ್ಚಿ ಬರದಾನ, ಮಗಳು ನಗಕೋತ ಹೋಗ್ಯಾಳಂತ," ಎಂದ ಭಾವ. "ನಾವ್ ಇನ್ ಏನ್ ಕೇಳೂದೈತಿ?"

ಮಾವ ಏನೇನೋ ಹೇಳಿದರು. ಅದು ಮನೆಯ ಖಾಕಾ, ಎಲ್ಲ ಚಿತ್ರಕ್ಕೂ ಅದೇ, ದೇವಿಗೂ ಅದೇ. "ಹಂಗಾರ ನಮ್ಮ ಮನ್ಯಾಗಿನ ಲಕ್ಷ್ಮಿ ಯಾಕ ನಗೂದಿಲ್ಲ?" ಎಂದಳು ಅತ್ತೆ. ಅದಕ್ಕೆ ಉತ್ತರ ಗೊತ್ತಿದ್ದವಳು ನಾನೊಬ್ಬಳೇ.

ಸಾಹುಕಾರನಿಗೆ ನ್ಯಾಯ ಕೈಜಾರುತ್ತಿದೆ ಎಂದು ಕಂಡಿತು. ಅವನು ಒಳ್ಳೆಯದು ಮಾಡಲೆಂದೇ ಎದ್ದ. "ತಡೀರಿ, ತಡೀರಿ. ಸುಮ್ ಸುಮ್ಮ ಅನಬ್ಯಾಡ್ರಿ. ಹೋಲತೈತೋ ಇಲ್ಲೋ ನೋಡೂಣು. ಹುಡಿಗಿನ ಕರೀರಿ."

ನಾದಿನಿಯನ್ನು ಚಿತ್ರದ ಕೆಳಗೆ ಕೂರಿಸಿದರು. ಪಕ್ಕಕ್ಕೆ ತಿರುಗು ಎಂದರು. ತಿರುಗಿದಳು. ಸೆರಗು ಹಿಂದಕ್ಕೆ ಸರಿಸು ಎಂದರು. ಸರಿಸಿದಳು. ಒಬ್ಬ ಹಿರಿಯ ಕನ್ನಡಕ ಒರೆಸಿಕೊಂಡು ಮೇಲೆ ನೋಡಿದ, ಕೆಳಗೆ ನೋಡಿದ. ಮೂಗು ಅದೇ, ಗದ್ದ ಅದೇ, ಬಾಯಿ ಬೇರೆ ಎಂದ. ನನಗೆ ಜೀವ ಬಂದಂತಾಯಿತು. ಸಾಹುಕಾರ ಮೆತ್ತಗೆ ಅವಳ ಹತ್ತಿರ ಬಗ್ಗಿದ.

"ಸ್ವಲ್ಪ ನಗು, ತಂಗಿ. ಒಂದ್ ಚೂರು. ನೋಡಿ ಬಿಡ್ತಾರ."

ಎರಡು ವರ್ಷದಿಂದ ಅವಳು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಅವಳು ಬಾಗಿಲಲ್ಲಿದ್ದ ನನ್ನ ಕಡೆ ಕಣ್ಣು ತಿರುಗಿಸಿ ನೋಡಿದಳು, ಹೇಗೆ ಮಾಡಲಿ ಎಂದು ಕೇಳುವಂತೆ. ನಾನು ತಲೆ ಅಲ್ಲಾಡಿಸಬೇಕಿತ್ತು. ಬೇಡ ಎಂದು ಕಣ್ಣಾದರೂ ಮುಚ್ಚಬೇಕಿತ್ತು. ಕಲ್ಲಿನಂತೆ ನಿಂತಿದ್ದೆ. ಅವಳು ಮುಖ ಆಚೆ ತಿರುಗಿಸಿ, ತುಟಿಯ ಕೊನೆಯನ್ನು ಒತ್ತಿ ಮೇಲಕ್ಕೆತ್ತಿದಳು. ನಗು ಅಂದರೆ ನಗು ಅಲ್ಲ ಅದು. ಆದರೆ ಪಕ್ಕದಿಂದ ನೋಡುವವರಿಗೆ ಗೆರೆ ಅಷ್ಟೇ ಕಾಣುವುದು, ಮತ್ತು ಗೆರೆ ಸರಿಯಾಗಿ ಕೂತಿತು.

ಯಾರಾದರೂ ಸಾಕು ಎನ್ನಲಿ ಎಂದು ಅವಳು ಹಾಗೇ ಕೂತಿದ್ದಳು, ಸಾಕು ಎಂದು ಯಾರೂ ಹೇಳಲಿಲ್ಲ. ಕನ್ನಡಕದ ಹಿರಿಯ ತೊಡೆಗೆ ಕೈ ಊರಿ ಎದ್ದು, "ನಗೂ ಹೆಂಗಸ್ನ, ಅಳೂ ಗಂಡಸ್ನ ನಂಬಬ್ಯಾಡ ಅಂತ ಹಿರ್ಯಾರು ಸುಮ್ನ ಅಂದಿಲ್ಲ," ಎಂದ. ಅವಳ ಗಂಡ ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡ. ಅತ್ತೆ ಹಿಂದೆ ಹೋದಳು. ಮುಳ್ಳು ಬಟ್ಟೆಯ ಮೇಲೆ ಬಿದ್ದರೂ ಬಟ್ಟೆ ಮುಳ್ಳಿನ ಮೇಲೆ ಬಿದ್ದರೂ ಹರಿಯುವುದು ಬಟ್ಟೆಯೇ ಎನ್ನುತ್ತಾರೆ. ಆ ಮುಳ್ಳು ಇಟ್ಟವರಾರು ಎಂದು ಗಾದೆ ಹೇಳುವುದಿಲ್ಲ. ಸಾಹುಕಾರ ನಮಗೆ ಊಟ ಮಾಡಿಕೊಂಡು ಹೋಗ್ರಿ ಎಂದು ಬಹಳ ಒತ್ತಾಯ ಮಾಡಿದ.

ಊಟ ಮಾಡದೆ ಬಂಡಿ ಹೂಡಿದೆವು. ಮಾವನೂ ಗಂಡನೂ ಮುಂದೆ ಕೂತರು, ನಾವಿಬ್ಬರು ಹಿಂದೆ, ನಡುವೆ ಸೀರೆಯ ಗಂಟು. ದಾರಿಯುದ್ದಕ್ಕೂ ಕೊಯ್ದ ಜೋಳದ ಕೂಳೆ, ಕರಿ ನೆಲ, ಒಂದು ಗಿಡದ ನೆರಳೂ ಇಲ್ಲ. ಅವಳು ಅಳುತ್ತಾಳೆ, ನನ್ನನ್ನು ಬೈಯುತ್ತಾಳೆ, ಕೂದಲು ಹಿಡಿದು ಎಳೆಯುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಹಾಗೆ ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಅಪ್ಪನ ಕಣ್ಣು ಹೋದದ್ದು ಅವಳಿಗೂ ಗೊತ್ತು, ಮುಖ ಬರೆಯುವವಳು ಯಾರೆಂದೂ ಗೊತ್ತು, ಪಡಸಾಲೆಯಲ್ಲಿ ಅವಳೂ ಬಾಯಿ ಬಿಡಲಿಲ್ಲ ಎಂಬುದು ನನಗೆ ಆಗಿನ್ನೂ ಹೊಳೆದಿರಲಿಲ್ಲ.

ಬಹಳ ದೂರ ಬಂದ ಮೇಲೆ ಅವಳು ನನ್ನ ಕಿವಿಯ ಹತ್ತಿರ ಬಗ್ಗಿದಳು, ಮುಂದೆ ಕೂತವರಿಗೆ ಕೇಳಿಸದಂತೆ.

"ವೈನಿ, ಅಪ್ಪನ ಕಣ್ಣಿನ ಮಾತು ಯಾರಿಗೂ ಗೊತ್ತಾಗ್ಲಿಲ್ಲ. ಅಷ್ಟರೆ ಚಲೋ ಆತು," ಎಂದಳು.